ಸ್ಪೀಕರಿನಲ್ಲಿ ಬಂದ ಸುದ್ದಿ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ನನ್ನ ಸೋದರಮಾವ ಓಡಿಸುವ ಕಾರು ಅವನದಲ್ಲ. ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ನಡೆದದ್ದಕ್ಕೆ ಹೊಣೆ ಯಾರೆಂದು ನಾನು ಕೇಳುತ್ತ ಹೋದಾಗ ಎಲ್ಲರೂ ಬೆರಳು ತೋರಿಸಿದ್ದು ಸ್ಟಿಯರಿಂಗ್ ಹಿಡಿದವನ ಕಡೆಗೇ ಹೊರತು, ಗಾಡಿ ಯಾರ ಹೆಸರಿನಲ್ಲಿದೆಯೋ ಅವನ ಕಡೆಗಲ್ಲ.

ಮಾಲೀಕನಿಗೆ ಚಳ್ಳಕೆರೆಯಲ್ಲಿ ಇಂಥ ಇನ್ನೂ ಕೆಲವು ಗಾಡಿಗಳಿವೆ. ಬೆಳಿಗ್ಗೆ ಮಾವ ಕುದಾಪುರದ ಕಡೆಗೆ ಕೆಲಸಕ್ಕೆ ಹೋಗುವವರನ್ನು ಬಿಟ್ಟು ಬರುತ್ತಾನೆ. ಆಮೇಲೆ ಚಳ್ಳಕೆರೆಯ ಬಸ್ ನಿಲ್ದಾಣದ ಆಚೆ ನಿಂತು, ಸೀಟು ತುಂಬಿದ ಕೂಡಲೇ ತಳಕಿನ ಮೇಲೆ ಮೊಳಕಾಲ್ಮೂರಿಗೆ ಹೊರಡುತ್ತಾನೆ. ಎಂ.ಎ. ಮುಗಿಸಿ ಮೊಳಕಾಲ್ಮೂರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ ಮೇಲೆ ನಾನೂ ಅದೇ ಗಾಡಿಯ ನಡುವಿನ ಸೀಟಿನವಳಾದೆ. ರೇಷ್ಮೆ ಸೀರೆ ನೇಯುವ ಮನೆಗಳ ಹೆಂಗಸರು, ಬ್ಯಾಂಕಿಗೆ ಹೋಗುವ ಮುದುಕರು, ಹಾನಗಲ್‌ನಲ್ಲಿ ಇಳಿಯುವ ಕೂಲಿಯಾಳುಗಳು ನನ್ನ ನಿತ್ಯದ ಸಹಪ್ರಯಾಣಿಕರು. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರವನ್ನು ಓದಿದ್ದೆ. ಸಮಾಜ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುವಷ್ಟು ಹತ್ತಿರದಲ್ಲಿ ಕೂತದ್ದನ್ನು ಈ ಗಾಡಿಯಲ್ಲಿ ಕಂಡೆ.

ಮಾವನಿಗೆ ಗಾಡಿ ಓಡಿಸುವುದರ ಜೊತೆಗೆ ಇನ್ನೊಂದು ಕೆಲಸವಿತ್ತು. ಅದನ್ನು ಅವನಿಗೆ ಯಾರೂ ವಹಿಸಿರಲಿಲ್ಲ. ತಳಕಿನ ಸುತ್ತಲಿನ ಹಟ್ಟಿಗಳ ಗಂಡಸರು ಮೇವು ಹುಡುಕಿಕೊಂಡು ಕುರಿಮಂದೆಗಳೊಂದಿಗೆ ಆಂಧ್ರದ ಗಡಿ ದಾಟಿದರೆ ತಿಂಗಳುಗಟ್ಟಲೆ ಹಿಂದಿರುಗುವುದಿಲ್ಲ. ಅಲ್ಲಿ ಏನಾದರೂ ದೊಡ್ಡದು ನಡೆದರೆ ಅವರು ಫೋನ್ ಮಾಡುತ್ತಿದ್ದುದು ಮಾವನಿಗೆ. ಹಟ್ಟಿಯಲ್ಲಿ ಫೋನಿಲ್ಲವೆಂದಲ್ಲ. ಈಗ ಯಾವ ಮನೆಯಲ್ಲಿ ಫೋನಿಲ್ಲ? ಕುರಿ ಈದದ್ದು, ಮಳೆ ಬಂದದ್ದು, ಜಗಳವಾದದ್ದು ಎಲ್ಲವನ್ನೂ ಅವರು ನೇರ ಹೆಂಡತಿಗೋ ಅವ್ವನಿಗೋ ಹೇಳಿಕೊಳ್ಳುತ್ತಾರೆ. ಸಾವಿನ ಸುದ್ದಿಯನ್ನು ಮಾತ್ರ ಹಾಗೆ ಹೇಳುವಂತಿಲ್ಲ. ಅದನ್ನು ಮನುಷ್ಯನೊಬ್ಬ ಬಾಗಿಲಿಗೆ ಬಂದು ಹೇಳಬೇಕು. ಅದು ಆ ಹಟ್ಟಿಗಳ ಕಟ್ಟು.

ಮಾವ ಆ ಕಟ್ಟನ್ನು ಹೇಗೆ ನಡೆಸುತ್ತಿದ್ದನೆಂಬುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಫೋನ್ ಬಂದರೆ ಹೆಸರು ನೋಡುತ್ತಿದ್ದ. ಮಂದೆಯವರದಾದರೆ ಸಾವಿರಲಿ, ಬರಿಯ ಕುಶಲ ಮಾತಿರಲಿ, ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸುತ್ತಿದ್ದ. ಇಳಿದು, ಬೇಲಿಯವರೆಗೆ ನಡೆದು, ನಮಗೆ ಬೆನ್ನು ಮಾಡಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಯಾವ ಸುದ್ದಿ ಬಂದರೂ ಬೆನ್ನು ಒಂದೇ ತೆರ ಇರಬೇಕೆಂದು ಅವನು ಅಭ್ಯಾಸ ಮಾಡಿಕೊಂಡಿದ್ದ. ತಿರುಗಿ ಬಂದು "ಏನಿಲ್ಲ, ಸುಮ್ನೆ ಮಾತಾಡ್ಸಿದ್ರು" ಎಂದು ಗೇರ್ ಹಾಕುತ್ತಿದ್ದ. ಸುದ್ದಿ ಕೆಟ್ಟದಾಗಿದ್ದರೆ, ಪ್ರಯಾಣಿಕರನ್ನು ಇಳಿಸಿದ ಮೇಲೆ ಆ ಹಟ್ಟಿಗೆ ಹೋಗಿ, ಬಾಗಿಲಲ್ಲಿ ಕೂತು, ಕುಡಿಯಲು ನೀರು ಕೇಳುತ್ತಿದ್ದ. ಅಡಿಗೆ ಆಯಿತೇ, ಉಂಡಿರಾ ಎಂದು ವಿಚಾರಿಸುತ್ತಿದ್ದ. ಉಂಡಿರದಿದ್ದರೆ "ನಂಗೂ ಹಸಿವಾಗೈತೆ, ಇಬ್ರೂ ಉಣ್ಣಾನ ಬಾ" ಎಂದು ಕೂರಿಸುತ್ತಿದ್ದ. ತುತ್ತು ಇಳಿಯುತ್ತಿರುವಾಗ "ಹುಷಾರಿಲ್ಲಂತೆ, ಹೋಗಿ ನೋಡ್ಕೊಂಡು ಬರಾನ" ಎನ್ನುತ್ತಿದ್ದ. ಅಷ್ಟರಲ್ಲಿ ಪಕ್ಕದ ಮನೆಗಳ ಹೆಂಗಸರು ಏನೋ ಕೇಳಲು ಬಂದವರಂತೆ ಬಂದು ನಿಂತಿರುತ್ತಿದ್ದರು. ಕೈ ತೊಳೆದಾದ ಮೇಲೆ ಮಾತ್ರ ಉಳಿದದ್ದನ್ನು ಹೇಳುತ್ತಿದ್ದ. ಒಮ್ಮೆ ಹೇಳಿದರೆ ಆ ಮನೆಯಲ್ಲಿ ಮಣ್ಣು ಮುಗಿಯುವವರೆಗೆ ಒಲೆ ಹೊತ್ತುವುದಿಲ್ಲ. ಮುಂದಿನ ಹೊತ್ತುಗಳನ್ನು ಎದುರಿಸಲು ಆ ದೇಹಕ್ಕೆ ಇಷ್ಟಾದರೂ ಅನ್ನವಿರಲಿ ಎಂಬುದು ಅವನ ಲೆಕ್ಕ.

ಇದನ್ನು ಮೂಢನಂಬಿಕೆ ಎನ್ನುವವರು ಎನ್ನಲಿ. ದುಃಖವನ್ನು ಹೊರುವವರಿಗೆ ಹೊರುವ ಮೊದಲು ಕೂರಲು ಜಾಗ ಕೊಡುವ ಇಂಥ ಇನ್ನೊಂದು ಏರ್ಪಾಡನ್ನು ನಾನು ಯಾವ ಕಚೇರಿಯಲ್ಲೂ ಯಾವ ಆಸ್ಪತ್ರೆಯಲ್ಲೂ ಕಂಡಿಲ್ಲ.

ಆದರೆ ಗಾಡಿ ನಿಲ್ಲುವುದು ಮಾಲೀಕನಿಗೆ ಸೇರುತ್ತಿರಲಿಲ್ಲ. ಮಾವ ಫೋನ್ ಎತ್ತಲು ನಿಲ್ಲಿಸುತ್ತಾನೆ, ತಡ ಮಾಡುತ್ತಾನೆ, ತಾನು ಫೋನ್ ಮಾಡಿದರೂ ಎತ್ತುವುದಿಲ್ಲ ಎಂಬುದು ಅವನ ದೂರು. ಜೊತೆಗೆ, ಓಡಿಸುತ್ತ ಫೋನ್ ಕಿವಿಗಿಟ್ಟ ಅವನ ಇನ್ನೊಬ್ಬ ಡ್ರೈವರನ್ನು ಪೊಲೀಸರು ಹಿಡಿದರು. ಎಲ್ಲ ಗಾಡಿಗಳ ಸ್ಟೀರಿಯೊಗಳಿಗೂ ಬ್ಲೂಟೂತ್ ಹಾಕಿಸುವುದೆಂದು ಮಾಲೀಕ ತೀರ್ಮಾನಿಸಿದ.

ಸೀಟ್ ಕವರು, ಹಾರ್ನು, ಸ್ಪೀಕರುಗಳನ್ನು ಜೋತುಬಿಟ್ಟ ಚಳ್ಳಕೆರೆಯ ಒಂದು ಸಣ್ಣ ಅಂಗಡಿಯಲ್ಲಿ ಆ ಕೆಲಸ ನಡೆಯಿತು. ಅಂದು ನನಗೆ ಕಾಲೇಜಿಗೆ ರಜೆ. ಮಾವನ ಜೊತೆ ಹೋಗಿದ್ದೆ. ಮಾಲೀಕನೂ ಬಂದಿದ್ದ. ಹಳೆಯ ಸ್ಟೀರಿಯೊವನ್ನೇ ಇಟ್ಟುಕೊಂಡು, ಅದರ ಹಿಂದೆ ಅಂಗೈಯಗಲದ ಪೆಟ್ಟಿಗೆಯೊಂದನ್ನು ಜೋಡಿಸಿದರೆ ಸಾಕೆಂದು ಅಂಗಡಿಯ ಮೆಕ್ಯಾನಿಕ್ ಹೇಳಿದ. ಚೌಕಟ್ಟು ಬಿಚ್ಚಿ, ಸ್ಟೀರಿಯೊವನ್ನು ಹೊರಗೆಳೆದು, ವೈರುಗಳ ಸಿಕ್ಕಿನೊಳಗೆ ಕೈ ತೂರಿಸಿದ. ಡ್ರೈವರನ ತಲೆಯ ಮೇಲೆ ಬಿಸಿಲು ತಡೆಯುವ ಮಡಚುವ ಹಲಗೆ ಇರುತ್ತದಲ್ಲ, ಅದರ ಅಂಚಿಗೆ ಗುಂಡಿಯಷ್ಟು ಚಿಕ್ಕ ಮೈಕನ್ನು ಸಿಕ್ಕಿಸಿದ.

"ಚಾಚಾ, ಇನ್ನು ಫೋನ್ ಮುಟ್ಟೋದೇ ಬೇಡ. ಹಾಡೂ ಇದ್ರಲ್ಲೇ, ಮಾತೂ ಇದ್ರಲ್ಲೇ. ಫೋನ್ ಬಂದ್ರೆ ಹಾಡು ತಾನೇ ನಿಲ್ತೈತೆ, ಮಾತು ಮುಗುದ್ರೆ ತಾನೇ ಶುರು ಆಗ್ತೈತೆ. ಬ್ಯಾಟ್ರಿಗೇ ಸೀದಾ ಲೈನ್ ಕೊಟ್ಟಿದೀನಿ. ಚಾವಿ ತೆಗೆದ್ರೂ ಹಾಡ್ತೈತೆ!"

"ನಾನು ಫೋನ್ ಎತ್ತದೇ ಇದ್ರೆ?" ಎಂದ ಮಾವ.

ಮೆಕ್ಯಾನಿಕ್ ಮಾಲೀಕನ ಮುಖ ನೋಡಿದ. "ಆಟೋ ಆನ್ಸರ್ ಹಾಕ್ಲಾ ಸಾಹೇಬ್ರೆ? ಹಾಕಿದ್ರೆ ಎತ್ತೋದೂ ಬೇಡ, ಅದೇ ಎತ್ಕೊಂತೈತೆ."

"ಹಾಕು, ಹಾಕು. ಇವ್ನು ಎತ್ತಾಕೆ ಅಂತ ಗಾಡಿ ನಿಲ್ಸ್ತಾನೆ."

"ಜನ ಇರ್ತಾರಲ್ರೀ ಗಾಡ್ಯಾಗೆ."

"ಇದ್ರೆ ಇರ್ಲಿ ಬಿಡೋ. ನಿಂದೇನೋ ಗುಟ್ಟು? ಈ ವಯಸ್ಸಿನಾಗೆ ನಿಂಗ್ಯಾವಳು ಫೋನ್ ಮಾಡ್ತಾಳೆ?"

ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ಮಾವನೂ ನಕ್ಕ. ಮಾಲೀಕ ಆಚೆ ಹೋಗಿ ಪರೀಕ್ಷೆಗೆಂದು ಫೋನ್ ಮಾಡಿದಾಗ, ಯಾರೂ ಏನನ್ನೂ ಒತ್ತದೆಯೇ, "ಏನ್ಲಾ, ಕೇಳ್ತೈತಾ?" ಎಂಬ ಅವನ ದನಿ ನಾಲ್ಕೂ ಬಾಗಿಲುಗಳಿಂದ ಹೊರಟಿತು. ಮಾವ ಸ್ಟೀರಿಯೊಗೆ ಕೈಮುಗಿದು, "ದೇವ್ರು ಮೈಮ್ಯಾಲೆ ಬಂದಂಗೈತೆ ಸ್ವಾಮೀ, ಅಪ್ಪಣೆಯಾಗ್ಲಿ" ಎಂದ. ಮತ್ತೆ ನಗು.

ಮಾವ ಅದನ್ನು ದ್ವೇಷಿಸಿದನೆಂದು ಬರೆದರೆ ಸುಳ್ಳಾಗುತ್ತದೆ. ಸಿಡಿ ಸಿಕ್ಕಿಕೊಂಡು ಮೂಕವಾಗಿದ್ದ ಗಾಡಿಗೆ ಎಷ್ಟೋ ಕಾಲದ ಮೇಲೆ ಹಾಡು ಬಂದಿತ್ತು. ಅವನ ಫೋನಿನಲ್ಲಿ ಹಾಡು ಹಾಕಿಕೊಡುವುದು ನನ್ನ ಪಾಲಿನ ಕೆಲಸವಾಯಿತು. ಮುಂದಿನ ಸೀಟಿನಲ್ಲಿ ಕೂತ ಪಡ್ಡೆಗಳು "ಅಣ್ಣಾ, ನನ್ ಫೋನ್ ಕನೆಕ್ಟ್ ಮಾಡ್ತೀನಿ, ನಿನ್ ಹಾಡು ನಿಮ್ಮಜ್ಜನ ಕಾಲದ್ದು" ಎಂದು ಪೀಡಿಸುತ್ತಿದ್ದರು. ಮೊಳಕಾಲ್ಮೂರಿನ ನೇಕಾರ ಮನೆಯ ಒಬ್ಬ ಹಿರಿಯಾಕೆ, ಮನೆಮಾತು ತೆಲುಗು, ಕಿವಿ ಮುಚ್ಚಿಕೊಂಡು "ಚೆವುಲು ಪೋತಾಯಿ ನಾಯನಾ! ಕಿವಿ ಹೋದ್ರೆ ನೀನು ಕೊಡುಸ್ತೀಯಾ?" ಎಂದು ಗದರಿ, ಮರುಕ್ಷಣವೇ ತಮ್ಮ ಇಷ್ಟದ ಹಳೆಯ ಹಾಡನ್ನು ಹಾಕಿಸಿಕೊಳ್ಳುತ್ತಿದ್ದರು. ಗಾಡಿಯಲ್ಲಿ ನಗು ಹೆಚ್ಚಿತು.

ಮಂದೆಯವರ ಫೋನುಗಳಿಗೆ ಮಾವ ಒಂದು ಉಪಾಯ ಕಂಡುಕೊಂಡ. ಹಾಡು ತಟ್ಟನೆ ನಿಂತದ್ದೇ ತಡ, ಅತ್ತಲಿನವರು ಬಾಯಿ ತೆರೆಯುವ ಮೊದಲೇ "ಲೇ, ಗಾಡ್ಯಾಗೆ ಜನ ಅವ್ರೆ!" ಎಂದು ಕೂಗಿಬಿಡುತ್ತಿದ್ದ. ಅವರು ಸುಮ್ಮನಾಗಿ ಫೋನ್ ಇಡುತ್ತಿದ್ದರು. ಮಾವ ಗಾಡಿ ನಿಲ್ಲಿಸಿ, ಸ್ಟೀರಿಯೊ ಆರಿಸಿ, ಬೇಲಿಯ ಬಳಿ ಹೋಗಿ ತಾನೇ ಫೋನ್ ಮಾಡುತ್ತಿದ್ದ. ಆಟೋ ಆನ್ಸರ್ ತೆಗೆಸಿಬಿಡು ಎಂದರೆ, "ಅವ್ನಿಗೆ ತಿಳಿದ್ರೆ ಚಾವಿ ಕಿತ್ಕೊಂತಾನೆ ಕಣವ್ವಾ. ನಡೀತೈತಲ್ಲ, ನಡೀಲಿ ಬಿಡು" ಎನ್ನುತ್ತಿದ್ದ. ನಡೆಯಿತು, ನಡೆಯದಂತಾಗುವವರೆಗೆ.

ಬೇಸಿಗೆ ಆಗತಾನೇ ಕಾಲಿಡುತ್ತಿತ್ತು. ಅಂದು ತಳಕಿನಲ್ಲಿ ಹಟ್ಟಿಯ ಹೆಂಗಸೊಬ್ಬಳು ಹತ್ತಿ ನನ್ನ ಪಕ್ಕ ಕೂತಳು. ಮಾವನಿಗೂ ನನಗೂ ಚೆನ್ನಾಗಿ ಗೊತ್ತಿದ್ದವಳು. ನಾವಿಬ್ಬರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಅವ್ವ ಅಪ್ಪ ಬೇಗ ತೀರಿಹೋಗಿ, ತಮ್ಮನನ್ನು ಅವಳೇ ಎತ್ತಿ ಆಡಿಸಿ ಸಾಕಿದ್ದಳು. ಆ ತಮ್ಮ ಈಗ ಮಂದೆಯೊಂದಿಗೆ ಗಡಿಯಾಚೆ ಇದ್ದ. ಆಗಾಗ ಅವಳು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಮೊಳಕಾಲ್ಮೂರಿಗೆ ಬಂದು, ಅಲ್ಲಿಂದ ಬಸ್ ಹಿಡಿದು, ಮಂದೆ ಬೀಡು ಬಿಟ್ಟಲ್ಲಿಗೆ ಹೋಗಿ ಬರುತ್ತಿದ್ದಳು. ಅಂದೂ ಬುತ್ತಿಯ ಗಂಟು ಮಡಿಲಲ್ಲಿತ್ತು.

"ಏನಕ್ಕಾ, ತಮ್ಮಗೊಂದು ಮದ್ವೆ ಮಾಡ್ಬಿಡು. ಬುತ್ತಿ ಹೊರೋದು ತಪ್ತೈತೆ," ಎಂದು ಮಾವ ಕನ್ನಡಿಯಲ್ಲಿ ನೋಡುತ್ತ ಕೆಣಕಿದ.

"ಬಂದೋಳು ಹೊರ್ತಾಳೇನಣ್ಣಾ? ಅವ್ಳ ಬುತ್ತೀನೂ ನಾನೇ ಹೊರ್ಬೇಕಾಗ್ತೈತೆ."

ನೇಕಾರ ಮನೆಯ ಹಿರಿಯಾಕೆ ಹಿಂದಿನಿಂದ, "ಹಂಗಾದ್ರೆ ಒಂದು ಕತ್ತೇನೂ ತಗೋಮ್ಮಾ" ಎಂದರು. ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು.

ಬೆಳಗಿನ ಆ ಹೊತ್ತಿನಲ್ಲಿ ಮೊಳಕಾಲ್ಮೂರಿನ ಕಡೆ ಹೋಗುವಾಗ ಬಿಸಿಲು ಬಲಕ್ಕೆ, ಡ್ರೈವರನ ಕೆನ್ನೆಗೇ ಬೀಳುತ್ತದೆ. ಮೈಕು ಹಾಕಿಸಿದ ಮೇಲೆ ಮೊದಲ ಸಲ ಮಾವ ಬಿಸಿಲಿನ ಹಲಗೆಯನ್ನು ಬಿಚ್ಚಿ ಬಲಗಡೆಯ ಕಿಟಕಿಗೆ ತಿರುಗಿಸಿಕೊಂಡಿದ್ದ. ಅದರ ಅಂಚಿನ ಮೈಕು ಹಲಗೆಯ ಜೊತೆಗೇ ತಿರುಗಿ, ತೆರೆದ ಕಿಟಕಿಯ ಗಾಳಿಗೆ ಮುಖ ಮಾಡಿತ್ತು. ಇದು ನಮಗಾರಿಗೂ ಹೊಳೆಯಲಿಲ್ಲ.

ಹಾಡು ತಟ್ಟನೆ ನಿಂತಿತು. ಮಾವ ಕೂಗಿದ: "ಲೇ, ಗಾಡ್ಯಾಗೆ ಜನ ಅವ್ರೆ!"

"ಅಣ್ಣಾ? ಹಲೋ ಅಣ್ಣಾ? ಬರೀ ಗಾಳಿ ಕೇಳ್ತೈತೆ." ಮಂದೆಯಲ್ಲಿ ಅವಳ ತಮ್ಮನ ಜೊತೆಗಿದ್ದವನ ದನಿ. ತನಗೆ ಕೇಳಿಸದಿದ್ದರೆ ನಮಗೂ ಕೇಳಿಸುವುದಿಲ್ಲವೆಂದುಕೊಂಡು ಅವನು ಗಟ್ಟಿಯಾಗಿ ಮಾತಾಡುತ್ತಿದ್ದ.

"ಜನ ಅವ್ರೆ ಕಣಲೇ! ಇಡು ಫೋನು!"

"ಅಣ್ಣಾ, ಕುರಿ ರೊಪ್ಪದಾಗೆ ಹಾವು ಕಚ್ತಣ್ಣಾ ಅವ್ನಿಗೆ. ಆಸ್ಪತ್ರೆ ಮುಟ್ಟಾದ್ರೊಳಗೆ ಹೋಗ್ಬಿಟ್ಟ. ಅವ್ರಕ್ಕ ಬುತ್ತಿ ತಗೊಂಡು ನಿನ್ ಗಾಡ್ಯಾಗೇ ಬರ್ತಾಳೆ, ಅವ್ಳಿಗೆ ಹೇಳ್ಬ್ಯಾಡ. ಹಟ್ಟಿಗೆ ವಾಪಸ್ ಕರ್ಕೊಂಡೋಗು. ಉಣ್ಣಾಕಿಟ್ಟು ಆಮ್ಯಾಲೆ ಹೇಳಣ್ಣಾ. ಕೇಳ್ತಾ ಅಣ್ಣಾ? ಅವ್ಳಿಗೆ ಹೇಳ್ಬ್ಯಾಡ!"

ಮಾವ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಿಂದ ಸಿಕ್ಕಸಿಕ್ಕ ಗುಂಡಿಗಳನ್ನು ಒತ್ತುತ್ತಿದ್ದ. ಯಾವುದರಿಂದಲೋ ಫೋನ್ ಕಡಿಯಿತು. ಮೆಕ್ಯಾನಿಕ್ ಮಾತು ಕೊಟ್ಟಿದ್ದಂತೆಯೇ, ಹಾಡು ತಾನೇ ಶುರುವಾಯಿತು. ಎಲ್ಲಿ ನಿಂತಿತ್ತೋ ಅದೇ ಸಾಲಿನ ನಡುವಿನಿಂದ, ಮದುವೆ ಮನೆಯ ಕುಣಿತದ ಹಾಡು, ಗಾಡಿಯ ತುಂಬ.

ಮಾವ ಗಾಡಿಯನ್ನು ಪಕ್ಕಕ್ಕೆ ತಂದು ಚಾವಿ ತೆಗೆದ. ಹಾಡು ನಿಲ್ಲಲಿಲ್ಲ. ಚಾವಿಯನ್ನು ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದ. ಕೊನೆಗೆ ಮುಂದಿನ ಸೀಟಿನವನು ಏನನ್ನೋ ಒತ್ತಿ ಆರಿಸಿದ.

ಅಕ್ಕ ಕಿರುಚಲಿಲ್ಲ. ಬುತ್ತಿಯ ಗಂಟನ್ನು ಒಮ್ಮೆ ಸಡಿಲಿಸಿ, ಮತ್ತೆ ಬಿಗಿದು ಕಟ್ಟಿದಳು. "ಯಾರ್ಗಂತಣ್ಣಾ?" ಎಂದು ಕೇಳಿದಳು. ಗೊತ್ತಿದ್ದೂ ಕೇಳಿದಳು. ಆ ಪ್ರಶ್ನೆಗೆ ಮಾವ ತಿರುಗಿ ನೋಡಿ ಉತ್ತರ ಕೊಡಬೇಕಿತ್ತು. ಅವನ ಬೆನ್ನು, ಯಾವ ಸುದ್ದಿಗೂ ಅಲುಗದಂತೆ ಅಭ್ಯಾಸವಾಗಿದ್ದ ಆ ಬೆನ್ನು, ಸೀಟಿನ ಮೇಲೆ ನಡುಗುತ್ತಿತ್ತು. ಅವನು ತಿರುಗಲಿಲ್ಲ. ಹಿರಿಯಾಕೆ ಹಿಂದಿನಿಂದ ಕೈ ಚಾಚಿ ಅಕ್ಕನ ತಲೆಯನ್ನು ಎದೆಗೆ ಒತ್ತಿಕೊಂಡರು. ಗಾಡಿ ಹಿಂದಕ್ಕೆ ತಿರುಗಿತು. ಮೊಳಕಾಲ್ಮೂರಿಗೆ ಹೋಗಬೇಕಾದವರಲ್ಲಿ ಒಬ್ಬರೂ ಇಳಿಯುತ್ತೇನೆನ್ನಲಿಲ್ಲ. ಹಟ್ಟಿಯಲ್ಲಿ ಹೆಂಗಸರು ಓಡಿಬಂದು ಅವಳನ್ನು ಇಳಿಸಿಕೊಂಡರು. ಅವಳು ಅಂದು ಏನೂ ಉಂಡಿರಲಿಲ್ಲವೆಂದು ಆಮೇಲೆ ತಿಳಿಯಿತು. ತಮ್ಮನ ಜೊತೆ ಕೂತು ಉಣ್ಣೋಣವೆಂದು ಹಸಿದೇ ಹೊರಟಿದ್ದಳಂತೆ.

ನಾನು ಸುಮ್ಮನಿರುವವಳಲ್ಲ. ಮೊದಲು ಮಾವನ ಗಾಡಿಯಲ್ಲೇ ಅಂಗಡಿಗೆ ಹೋದೆ. ಮೆಕ್ಯಾನಿಕ್ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡ. ಅವನ ಕಣ್ಣು ಒದ್ದೆಯಾಯಿತು. "ಅಕ್ಕಾ, ನಾನು ಕೇಳಿದ್ದೆ ಅಲ್ವಾ, ಹಾಕ್ಲಾ ಬೇಡ್ವಾ ಅಂತ? ಅವ್ರು ಹಾಕು ಅಂದ್ರು. ಚಾಚಾ ಬೇಡ ಅಂದಿದ್ರೆ..." ಎಂದ. ಗಾಡಿಯೊಳಗೆ ಬಗ್ಗಿ, ಕೆಳಗಿನಿಂದ ಸ್ಟೀರಿಯೊದ ಹಿಂದಕ್ಕೆ ಕೈ ತೂರಿಸಿ, ಪೆಟ್ಟಿಗೆಯ ಒಂದು ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಬಿಟ್ಟ. "ತೆಗೆದೆ. ಇನ್ನು ತಾನೇ ಎತ್ತಲ್ಲ." ಅಷ್ಟೇ. ಉಸಿರು ಬಿಗಿಹಿಡಿದು ಬಿಡುವಷ್ಟು ಹೊತ್ತಿನ ಕೆಲಸ. ಅದು ಅಷ್ಟು ಸುಲಭವಾಗಿತ್ತೆಂಬುದನ್ನು ನನ್ನಿಂದ ಇಂದಿಗೂ ಅರಗಿಸಿಕೊಳ್ಳಲಾಗಿಲ್ಲ.

ಆಮೇಲೆ ಮಾಲೀಕನ ಬಳಿ ಹೋದೆ. ಅವನು ಕುರ್ಚಿ ತೋರಿಸಿದ, ನಾನು ಕೂರಲಿಲ್ಲ.

"ನೋಡಮ್ಮಾ, ಫೋನ್ ಕೈಯಾಗೆ ಹಿಡ್ಕೊಂಡು ಓಡಿಸ್ಬಾರ್ದು ಅನ್ನೋದು ಕಾನೂನು. ಓದಿದೋಳು ನೀನು, ನಿಂಗೆ ಹೇಳ್ಬೇಕಾ?"

"ಎತ್ತಬಾರದು ಅನ್ನೋದು ಕಾನೂನು ಸರಿ. ತಾನೇ ಎತ್ತಿಕೊಳ್ಳಲಿ ಅಂದಿದ್ದು ಕಾನೂನಲ್ಲ, ನೀವು. ಗಾಡಿ ನಿಲ್ಲಿಸಿ ಮಾತಾಡೋನಿಗೆ ಅದರ ಅಗತ್ಯ ಏನಿತ್ತು? ಜನ ಇರ್ತಾರೆ ಅಂತ ಅವನು ಅವತ್ತೇ ಹೇಳಿದ. ನೀವು ತಮಾಷೆ ಮಾಡಿದ್ರಿ."

"ಈಗೇನು, ನಾನು ಕೊಂದೆ ಅಂತೀಯಾ? ಅವ್ನು ಸತ್ತಿದ್ದು ಹಾವಿಂದ ಕಣಮ್ಮ. ಬ್ಲೂಟೂತ್‌ನಿಂದಲ್ಲ."

"ಸಾವಿಗೆ ನಿಮ್ಮನ್ನ ಕೇಳ್ತಿಲ್ಲ. ಅದು ಅವಳಿಗೆ ಮುಟ್ಟಿದ ರೀತಿಗೆ ಕೇಳ್ತಿದ್ದೀನಿ. ಹಟ್ಟಿಗೆ ಬನ್ನಿ. ಅವಳೆದುರು ಒಂದು ಮಾತು ಆಡಿ."

"ನಾನು ಬಂದು ಏನಂತ ಹೇಳ್ಲಿ?"

ಆ ಪ್ರಶ್ನೆಯಲ್ಲಿ ನಟನೆ ಇರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯದು. ತಪ್ಪು ಮಾಡಿದವರೆದುರು ಹೂಡಲು ವಿಶ್ವವಿದ್ಯಾಲಯ ನನಗೆ ಎಷ್ಟೋ ವಾದಗಳನ್ನು ಕಲಿಸಿದೆ. ತಾನು ಮಾಡಿದ್ದು ಕಣ್ಣಿಗೇ ಕಾಣದವನೆದುರು ಏನು ಹೇಳಬೇಕೆಂಬುದನ್ನು ಕಲಿಸಿಲ್ಲ. ಅವನು ಬರಲಿಲ್ಲ. ಇಂದಿಗೂ ಬಂದಿಲ್ಲ. ಬಾರದಿರುವ ಅವಕಾಶ ಅವನಿಗಿದೆ, ಮಾವನಿಗಿರಲಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಮಾವನೂ ಅವಳೆದುರು ಹೋಗಲಿಲ್ಲ ಎಂಬುದು ನನ್ನ ನಿಜವಾದ ಸಂಕಟ. ಮಣ್ಣಿಗೆ ಹೋಗಿ ಗಂಡಸರ ಹಿಂದೆ ನಿಂತು ಬಂದವನು, ತಿಥಿಯ ದಿನ ಜ್ವರವೆಂದು ಮಲಗಿದ. ಆಮೇಲೆ ತಳಕು ದಾಟುವಾಗ ಹಟ್ಟಿಯ ತಿರುವಿನಲ್ಲಿ ಕಣ್ಣನ್ನು ರಸ್ತೆಯಿಂದ ಎತ್ತುತ್ತಿರಲಿಲ್ಲ. ನಾನು ಮಾಲೀಕನನ್ನೂ ಅಂಗಡಿಯವನನ್ನೂ ಬೈಯುವಾಗ ಒಂದು ದಿನ ತಡೆದ. "ಅವ್ರನ್ನೆಲ್ಲ ಯಾಕೆ ಕೇಳ್ತೀಯವ್ವಾ? ಅವ್ಳು ಯಾರ್ಗಂತ ಅಂದಾಗ ನಾನು ತಿರುಗಿ ನೋಡ್ಲಿಲ್ಲ. ಅದುನ್ನ ಯಾರ್ ಮಾಡ್ಸಿದ್ರು? ಬ್ಲೂಟೂತ್ ಮಾಡ್ಸ್ತಾ?"

"ಹಾಗಾದ್ರೆ ಈಗಾದ್ರೂ ಹೋಗು."

"ಹೋಗ್ತೀನಿ. ನಾಳೆ ಹೋಗ್ತೀನಿ."

ನಾಳೆಗಳು ಬಹಳವಾದವು. ಕೊನೆಗೆ ಹಾಲಿನ ಗಾಡಿಯವನೊಬ್ಬನ ಕೈಯಲ್ಲಿ ಅಕ್ಕನೇ ಹೇಳಿಕಳಿಸಿದಳು. "ನನ್ ತಮ್ಮನ ಸುದ್ದಿ ನಂಗಿನ್ನೂ ಯಾರೂ ಹೇಳಿಲ್ಲ ಅಂತ ಹೇಳು ಆ ಅಣ್ಣಂಗೆ. ಬಂದು ಹೇಳಿ ಹೋಗು ಅಂತ ಹೇಳು."

ಮರುದಿನ ಹೋದೆವು. ಮಾವ ಗಾಡಿಯನ್ನು ದೂರದಲ್ಲೇ ಬಿಟ್ಟು, ಜಾಲಿಗಿಡಗಳ ನಡುವಿನ ಕಾಲುದಾರಿಯಲ್ಲಿ ನಡೆದ. ಅಕ್ಕ ಬಾಗಿಲಲ್ಲೇ ಕೂತಿದ್ದಳು, ಸೊರಗಿಹೋಗಿದ್ದಳು. ಬನ್ನಿ ಎನ್ನಲಿಲ್ಲ. ಮಾವ ಕಟ್ಟೆಯ ಮೇಲೆ ಕೂತು, "ಕುಡಿಯಾಕೆ ಒಂದೀಟು ನೀರು ಕೊಡಕ್ಕಾ" ಎಂದ.

ಅವಳು ತಂದುಕೊಟ್ಟಳು.

"ಉಂಡ್ಯಾ?"

"ಇಲ್ಲಣ್ಣಾ."

"ನಂಗೂ ಹಸಿವಾಗೈತೆ. ಇಬ್ರೂ ಉಣ್ಣಾನ ಬಾ."

ಒಳಗಿನಿಂದ ಮುದ್ದೆ, ಸಾರು ಬಂತು. ನನಗೂ ಒಂದು ತಟ್ಟೆ. ಪಕ್ಕದ ಮನೆಗಳ ಹೆಂಗಸರು ಒಬ್ಬೊಬ್ಬರಾಗಿ ಬಂದು ಗೋಡೆಯ ಬದಿಗೆ ನಿಂತರು. ಇದು ನಾಟಕವಲ್ಲವೇ ಎಂದು ನನ್ನೊಳಗಿನ ಎಂ.ಎ. ಕೇಳಿತು, ಅವಳು ಮುದ್ದೆ ಮುರಿದು, ಮಾವನ ಮುಖವನ್ನೇ ನೋಡುತ್ತ ಬಾಯಿಗಿಟ್ಟದ್ದನ್ನು ಕಂಡು ಸುಮ್ಮನಾಯಿತು. ಆ ಹೆಂಗಸು ಅಂದಿನಿಂದಲೂ ತನಗೆ ಸಲ್ಲಬೇಕಾದ ಅಷ್ಟು ಹೊತ್ತಿಗಾಗಿ ಕಾದಿದ್ದಳು. ಯಾರೋ ಒಬ್ಬರು ತನ್ನ ಮುಖ ನೋಡಿ, ಆಡಲಾಗದ ಮಾತನ್ನು ಆಡಲು ಕಷ್ಟಪಡುವ ಹೊತ್ತು.

"ನಿನ್ ತಮ್ಮಗೆ ಹುಷಾರಿಲ್ಲಂತಕ್ಕಾ," ಎಂದ ಮಾವ. "ಹೋಗಿ ನೋಡ್ಕೊಂಡು ಬರಾನ."

"ಏನಾಗೈತಂತಣ್ಣಾ?"

"ಮೊದ್ಲು ಉಣ್ಣು."

ಅವಳು ಉಂಡಳು. ತಟ್ಟೆ ಖಾಲಿಯಾಯಿತು. ಅವಳು ಕೈ ತೊಳೆದು ಬಂದು ಕೂತಳು. ಮಾವ ಕಟ್ಟೆಯಿಂದಿಳಿದು ನೆಲದ ಮೇಲೆ ಅವಳೆದುರು ಕೂತ. ಈ ಬಾರಿ ಮುಖ ತಿರುಗಿಸಲಿಲ್ಲ. "ಅವ್ನಿಗೆ ಹಾವು ಕಚ್ತು. ಆಸ್ಪತ್ರೆಗೆ ಒಯ್ದ್ರು. ಉಳೀಲಿಲ್ಲಕ್ಕಾ. ಹೋಗ್ಬಿಟ್ಟ ನಿನ್ ತಮ್ಮ."

ಗಾಡಿಯಲ್ಲಿ ಹೊರಡದಿದ್ದ ದನಿ ಆಗ ಹೊರಟಿತು. ಹೆಂಗಸರು ಅವಳನ್ನು ಸುತ್ತುವರಿದರು. ಮಾವ ಎದ್ದು ಹೋಗಲಿಲ್ಲ. ಅವಳ ಅಳು ಇಳಿಯುವವರೆಗೂ ಅಲ್ಲೇ ಕೂತಿದ್ದ. ಇಷ್ಟಕ್ಕೇ ಎಲ್ಲವೂ ಸರಿಹೋಯಿತೆಂದು, ಮಾವನ ಕೆಲಸ ಮಾವನಿಗೆ ಮರಳಿತೆಂದು ನಾನಂದುಕೊಂಡೆ.

ಅಕ್ಕ ಕಣ್ಣೊರೆಸಿಕೊಂಡು, "ಈಗ ಕೇಳ್ದೆ" ಎಂದಳು. "ಇನ್ನು ನೀನು ಹೋಗಣ್ಣಾ. ಇನ್‌ಮ್ಯಾಲೆ ನಮ್ ಹಟ್ಟಿಗೆ ಸುದ್ದಿ ತರ್ಬ್ಯಾಡ."

"ಅಕ್ಕಾ..."

"ಸಿಟ್ಟಿಲ್ಲ ನಂಗೆ. ನೀನು ಬೇಕೂಂತ ಮಾಡ್ಲಿಲ್ಲ, ಗೊತ್ತೈತೆ. ಆದ್ರೆ ನೀನು ಬಂದು ನೀರು ಕೇಳಿದ್ರೆ ಮೊದ್ಲು ನಾವು ಹೆದ್ರುತಿದ್ವಿ, ಆಮ್ಯಾಲೆ ಧೈರ್ಯ ತಗೊಂತಿದ್ವಿ. ಈಗ ಹೆದ್ರಿಕೆ ಒಂದೇ ಉಳ್ಕೊಂಡೈತೆ. ನಿನ್ ಗಾಡಿ ಸದ್ದು ಕೇಳಿದ್ರೆ ನಂಗೆ ಆ ಹಾಡು ಕೇಳ್ತೈತೆ."

ಸುತ್ತ ಕೂತಿದ್ದ ಹೆಂಗಸರು ಹೌದೆಂದು ತಲೆಯಾಡಿಸಿದರು. ನಾನು ಬಾಯಿ ತೆರೆದೆ. ಆಟೋ ಆನ್ಸರ್ ತೆಗೆಸಿದ್ದೇವೆ, ತಪ್ಪು ಮಾಡಿದವನು ಬೇರೆ, ಶಿಕ್ಷೆ ಇವನಿಗೇಕೆ ಎಂದೆಲ್ಲ ಹೇಳಬೇಕೆಂದಿದ್ದೆ. ಮಾವ ನನ್ನ ಕೈ ಹಿಡಿದು, "ಸುಮ್ಕಿರವ್ವಾ" ಎಂದ. ಅಕ್ಕನಿಗೆ "ಆಗ್ಲಕ್ಕಾ" ಎಂದ. ಅವಳು ಒಳಗೆ ಹೋದಳು.

ಆ ಮಾತು ಆ ಹಟ್ಟಿಯಲ್ಲೇ ನಿಲ್ಲಲಿಲ್ಲ. ಮಂದೆಯವರಿಗೂ ಮುಟ್ಟಿತು, ಸುತ್ತಲಿನ ಹಟ್ಟಿಗಳಿಗೂ ಮುಟ್ಟಿತು. ಫೋನುಗಳು ನಿಂತವು. ಮಾವ ಈಗ ತಡವಿಲ್ಲದೆ ಮೊಳಕಾಲ್ಮೂರು ಮುಟ್ಟುತ್ತಾನೆ. ಮಾಲೀಕನಿಗೆ ಸಂತೋಷವಾಗಿದೆ, ಉಳಿದ ಡ್ರೈವರುಗಳಿಗೆ ಇವನನ್ನು ನೋಡಿ ಕಲಿಯಿರಿ ಎನ್ನುತ್ತಾನಂತೆ.

ಇದೊಂದೂ ತಿಳಿಯದ ಯಾರೋ ಒಬ್ಬನು, ಗಡಿಯಾಚೆಯ ದೂರದ ಮಂದೆಯವನು, ಮೊನ್ನೆ ಫೋನ್ ಮಾಡಿದ. ಪ್ರಯಾಣಿಕರನ್ನೆಲ್ಲ ಇಳಿಸಿ ನಾವಿಬ್ಬರೇ ಹಿಂದಿರುಗುತ್ತಿದ್ದೆವು. ಮಾವ ಗಾಡಿ ನಿಲ್ಲಿಸಿ, ಇಳಿದು, ಬೇಲಿಯವರೆಗೆ ಹೋದ. ಬಹಳ ಹೊತ್ತು ನಿಲ್ಲಲಿಲ್ಲ.

"ಏನಂತೆ ಮಾವ?"

"ನಾನು ಒಯ್ಯಲ್ಲಪ್ಪಾ, ಬ್ಯಾರೆ ಯಾರಿಗಾದ್ರೂ ಹೇಳು ಅಂದೆ."

"ಬೇರೆ ಯಾರಿಗೆ?"

"ಅದುನ್ನೇ ಅವ್ನೂ ಕೇಳ್ದ," ಎಂದ ಮಾವ. ಚಾವಿ ತಿರುಗಿಸದೆ, ಎರಡೂ ಕೈಗಳನ್ನು ಸ್ಟಿಯರಿಂಗಿನ ಮೇಲಿಟ್ಟುಕೊಂಡು ಹಾಗೇ ಕೂತ. ಹೊಣೆಯ ಬಗ್ಗೆ ಊರೆಲ್ಲ ಪ್ರಶ್ನೆ ಕೇಳುವ ನಾನು ಆ ಪ್ರಶ್ನೆಗೆ ಒಂದು ಹೆಸರನ್ನೂ ಹೇಳಲಾರದೆ ಅವನ ಪಕ್ಕದಲ್ಲಿ ಕೂತಿದ್ದೆ.